ಒಗ್ಗರಣಿಯಾಗ ಗುಲ್‌ಮೆಹಂದಿ

ಗೌರಿ ಹೂವಿನ ಬಲಿತ ಕಾಯಿಯನ್ನು ನೀವು ಎಂದಾದರೂ ಮುಟ್ಟಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ಮುಟ್ಟಿಲ್ಲವಾದರೆ, ಸಿಟ್ಟಾಗಬೇಡಿ, ನಿಮ್ಮ ಬಾಲ್ಯ ಅರ್ಧಾಮುರ್ಧಾ ಆಗಿದೆ. ಮಳೆಗಾಲ ಸರಿದು ದಸರೆ ಹತ್ತಿರ ಬಂತೆಂದರೆ ಈ ಗಿಡ ನೋಡುವ ಹಾಗಿರುವುದಿಲ್ಲ. ಎಲೆ ಹಳದಿ, ದಂಟು ಬಾಗಿ ಗೋಡೆಗೆ ಒರಗಿ, ಕಡೇ ಬಸ್ಸು ತಪ್ಪಿಸಿಕೊಂಡವರ ಮುಖ ಮಾಡಿಕೊಂಡು ನಿಂತಿರುತ್ತದೆ. ಇದರ ಕಥೆ ಮುಗೀತು ಬಿಡು ಅಂದುಕೊಂಡಿರೋ, ಕೆಟ್ಟಿರಿ. ಅದರ ಆಟ ಶುರುವಾಗುವುದೇ ಆಗ. ಎಲೆಯ ಮರೆಯಲ್ಲಿ, ಮೈತುಂಬ ನವಿರು ಕೂದಲಿನ ಹಸಿರು ಕಾಯಿಗಳು ಹೊಟ್ಟೆ ಉಬ್ಬಿಸಿಕೊಂಡು ಜೋತು ಬಿದ್ದಿರುತ್ತವೆ. ಬೆರಳ ತುದಿ ತಾಗಿತೋ ಇಲ್ಲವೋ, ಚಟ್! ಸಿಪ್ಪೆ ಹುಳುವಿನ ಹಾಗೆ ಸುರುಳಿ ಸುತ್ತಿ ಅಂಗೈಯಲ್ಲಿ ಒದ್ದಾಡುತ್ತದೆ. ಬೀಜ ಮಾತ್ರ ಎಲ್ಲಿಗೋ ಹಾರಿ ಹೋಗಿರುತ್ತದೆ. ಮೂಗಿನ ಕೆಳಗೆ ಮೀಸೆ ಮೂಡುತ್ತಿದೆ ಎಂದು ಕನ್ನಡಿಯ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಿದ್ದ ವಯಸ್ಸಿನಲ್ಲೂ ನಾನು ಆ ಚಟ್ ಕೇಳಿ ಪ್ರತಿ ಸಲ ಬೆಚ್ಚಿ ಕಿರುಚುತ್ತಿದ್ದೆ.

ತೊಂಬತ್ತರ ದಶಕ ಮುಗಿಯುವ ಹೊತ್ತು. ಸವದತ್ತಿಯಲ್ಲಿ ನಮ್ಮ ಹಿತ್ತಲಕ್ಕೂ ಪಕ್ಕದ ಮನೆಯ ಹಿತ್ತಲಕ್ಕೂ ನಡುವೆ ಎದೆಯೆತ್ತರದ ಒಂದು ಕಲ್ಲಿನ ಗೋಡೆ. ಆಚೆ ಬಾಡಿಗೆಗೆ ಇದ್ದವರು ಚಾಚಾ ಮತ್ತು ಚಾಚಿ. ಚಾಚಾ ಟೆಂಪೋ ಓಡಿಸುತ್ತಿದ್ದರು. ಯರಗಟ್ಟಿ ಬಜಾರದಿಂದ ಗೋವಿನಜೋಳ, ಹತ್ತಿ, ಉಳ್ಳಾಗಡ್ಡಿ, ಯಾರು ಏನು ಹೇರಿದರೆ ಅದು. ಚಾಚಿ ರಾಮದುರ್ಗ ತಾಲೂಕಿನ ಕಟಕೋಳದವರು. ಮದುವೆಯಾಗಿ ಬರುವಾಗ ತಾಯಿಯ ಹಿತ್ತಲದ ಈ ಹೂವಿನ ಬೀಜವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಿದ್ದರಂತೆ. ಸಂತೆಯಲ್ಲಿ ಸಿಗುವ ಜಾತಿ ಅಲ್ಲ ಅದು. ಬಿಳೀ ಎಸಳು, ಅದರ ಮೇಲೆ ಕೆಂಪು ಚಿಕ್ಕಿ. ಎಲಿ ಅಡಿಕಿ ಜಗಿಯುತ್ತಿದ್ದವರು ಯಾರೋ ಅದರ ಮುಂದೆ ನಿಂತು ತಡೆಯಲಾರದೆ ನಕ್ಕುಬಿಟ್ಟ ಹಾಗೆ.

ಆಚೆ ಬದಿಗೆ ಚಾಚಿ ಹಾಕಿದ್ದು, ನಡುನಡುವೆ ಊರಲ್ಲೆಲ್ಲ ಬೆಳೆಯುವ ಬರೇ ಗುಲಾಬಿ ಬಣ್ಣದ್ದೂ ಬೆರೆತಿತ್ತು. ಈಚೆ ಬದಿಗೆ ಅದಾಗಿಯೇ ಗೋಡೆ ಹಾರಿ ಬಂದದ್ದು. ಅವ್ವ ಅದನ್ನು ಗೌರಿ ಹೂ ಅಂದಳು, ಗೌರಿಗೆ ಏರಿಸಿದಳು. ಚಾಚಿ ಗುಲ್‌ಮೆಹಂದಿ ಅಂದರು, ಎಸಳು ಅರೆದು ಓಣಿಯ ಹುಡುಗಿಯರ ಉಗುರಿಗೆಲ್ಲ ಬಣ್ಣ ಹಚ್ಚಿದರು. ಗೋಡೆಯ ಮೇಲೆ ಇಬ್ಬರದೂ ದಿನಾ ಒಂದು ಜಗಳ ಇರುತ್ತಿತ್ತು. ಜಗಳ ಇಲ್ಲದ ದಿನ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

"ವೈನಿ, ನಿಮ್ಮ ಗೌರವ್ವ ನನ್ನ ಹೂ ಮುಡ್ಕೊಂಡು ಕುಂತಾಳ. ಬಾಡಗಿ ಕೊಡಾಕ ಹೇಳ್ರಿ."

"ಗ್ವಾಡಿ ಜಿಗದು ಬಂದದ್ದು ನಮ್ದ, ಭಾಬಿ. ನಾವೇನು ಕರಿಯಾಕ ಬಂದಿದ್ವಿ?"

ಈ ಜಗಳವನ್ನು ನಾನು ಸಂಜೆ ಅಪ್ಪನ ಅಂಗಡಿಯಲ್ಲಿ ಎರಡೂ ದನಿಯಲ್ಲಿ ಮತ್ತೆ ಆಡಿ ತೋರಿಸುತ್ತಿದ್ದೆ. ಅಪ್ಪ ಟೇಲರ್; ಮನೆಯ ಮುಂದಿನ ಪಡಸಾಲೆಯೇ ಅವನ ಅಂಗಡಿ. ಜಂಪರ್ ಅಳತೆ ಕೊಡಲು ಬಂದ ಹೆಂಗಸರು ನನ್ನ ಚಾಚಿಯ ದನಿ ಕೇಳಿ ತಿರುಗಿ ನೋಡುತ್ತಿದ್ದರು. ಚಾಚಿಯ "ಅರೇ ಬೇಟಾ" ಕೆಳಗಿಂದ ಎದ್ದು ಗಾಳಿಪಟದ ಹಾಗೆ ಮೇಲೆ ಹೋಗಿ ಅಲ್ಲೇ ನಿಲ್ಲುತ್ತದೆ. ಅವ್ವನ "ಹೌದೇನು" ಮೇಲಿಂದ ಬಿದ್ದ ಹಿತ್ತಾಳಿ ತಂಬಿಗೆಯ ಹಾಗೆ ಬರುತ್ತದೆ. ಊರವರೆಲ್ಲರ ದನಿ ನನ್ನ ಗಂಟಲಲ್ಲಿತ್ತು, ನನ್ನ ಸ್ವಂತದ್ದೊಂದು ಬಿಟ್ಟು. ಅದು ಆಗಷ್ಟೇ ಒಡೆದು, ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲುಗಿಸಿದ ಹಾಗೆ ಕೇಳುತ್ತಿತ್ತು. ಪಿಯುಸಿಯಲ್ಲಿ ಇಂಗ್ಲಿಷು ಕೈಕೊಟ್ಟಿತ್ತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೋ ಹೇಳುವುದಕ್ಕಿಂತ ನಾನೇ ಹೇಳುವುದು ವಾಸಿ.

ಅಪ್ಪನನ್ನು ಕಾಡಿಸಲು ನನಗೆ ಒಂದೇ ವಿಷಯ ಸಾಕಿತ್ತು. ಅವನ ಪ್ಯಾಂಟಿನ ಕಾಲು. ಊರೆಲ್ಲ ಬಿಟ್ಟ ಮೇಲೂ ಅವನು ಕಾಲಿನ ತುದಿಯನ್ನು ಹೊರಕ್ಕೆ ಮಡಚಿ ಅಗಲ ಪಟ್ಟಿ ಹೊಲಿದುಕೊಳ್ಳುತ್ತಿದ್ದ. "ಅಪ್ಪಾ, ಆ ಪಟ್ಟ್ಯಾಗ ಜ್ವಾಳಾ ತುಂಬಬಹುದು ನೋಡು" ಅಂದರೆ, ಅವನು ಬಾಯಲ್ಲಿ ಸೂಜಿ ಕಚ್ಚಿಕೊಂಡೇ, "ನಿನ್ನ ತಲಿಗಿಂತ ಹೆಚ್ಚ ಹಿಡಿತಾವು" ಅನ್ನುತ್ತಿದ್ದ.

ಆ ವರ್ಷ ಚಾಚಾನ ತಮ್ಮ ಯರಗಟ್ಟಿಯಲ್ಲಿ ಮನೆ ಕಟ್ಟಿಸಿ, ಅರ್ಧ ಮನೆ ಅಣ್ಣನಿಗೆ ಅಂದ. ದಸರೆಗೆ ಮೊದಲೇ ಟೆಂಪೋದಲ್ಲಿ ಸಾಮಾನು ಹೇರಿದರು. ಗಡಿಗೆ, ಗಾದಿ, ಕೋಳಿಬುಟ್ಟಿ, ಕೋಳಿ, ಎಲ್ಲಾ ಹತ್ತಿತು. ಹತ್ತದೆ ಉಳಿದದ್ದು ಹೂವು ಒಂದೇ. ಗಿಡ ಕಿತ್ತರೆ ಸಾಯುತ್ತದೆ, ಕಾಯಿ ಇನ್ನೂ ಎಳಸು, ಬೀಜ ಬಿಳಿಚಿಕೊಂಡಿದೆ. ಚಾಚಿ ಗೋಡೆಗೆ ಕೈ ಊರಿ ಬಹಳ ಹೊತ್ತು ನಿಂತರು. ಕಟಕೋಳದ ತಾಯಿಯ ಮನೆ ಯಾವಾಗಲೋ ಹೋಗಿತ್ತು. ತಾಯಿ ತೀರಿಕೊಂಡ ಮೇಲೆ ಆ ಜಾಗದಲ್ಲಿ ಹಿಟ್ಟಿನ ಗಿರಣಿ ಎದ್ದಿತ್ತು. ಅಲ್ಲಿಂದ ಚಾಚಿಗೆ ಬಂದು ಉಳಿದದ್ದು ಈ ಗಿಡಗಳಷ್ಟೇ.

"ವೈನಿ, ಕಾಯಿ ಬಲಿತ ಮ್ಯಾಲೆ ಬೀಜ ತಗದು ಇಡ್ರಿ. ಇವರು ಬಂದಾಗ ಕಳಸ್ರಿ. ನಮ್ಮ ಅಮ್ಮಂದು ಇದಷ್ಟ ಉಳದೈತಿ."

ಅವ್ವ ಆ ದಿನ ಜಗಳ ಆಡಲಿಲ್ಲ. "ನನ್ನ ಮ್ಯಾಲೆ ಬಿಡ್ರಿ ಭಾಬಿ" ಅಂದಳು.

ಬಿಟ್ಟರು. ಅವ್ವ ಕೂಡ ಮನಸಿಟ್ಟು ಮಾಡಿದಳು. ಅಪ್ಪನ ಅಂಗಡಿಯ ಅಸ್ತರ ಬಟ್ಟೆಯ ತುಂಡು ತಂದು, ಕಾಯಿಯನ್ನು ಬಟ್ಟೆಯೊಳಗೇ ಹಿಡಿದು ಒತ್ತುತ್ತಿದ್ದಳು. ಒಳಗೇ ಚಟ್, ಒಳಗೇ ಬೀಜ. ಗೋಡೆಯ ಎರಡೂ ಬದಿ ಮುಗಿಸಿ, ಬೀಜವನ್ನು ಖಾಲಿ ಪೌಡರ್ ಡಬ್ಬಿಯಲ್ಲಿ ಹಾಕಿ ಅಡುಗೆಮನೆಯ ಗೋಡೆಯ ಮಾಡದಲ್ಲಿ ಇಟ್ಟಳು. ಒಣಗಿದ ದಂಟೆಲ್ಲ ದೀಪಾವಳಿಯ ಎಣ್ಣೆಸ್ನಾನಕ್ಕೆ ಬಚ್ಚಲ ಒಲೆ ಸೇರಿತು. ಹಿತ್ತಲ ಬೋಳಾಯಿತು. ಆಚೆ ಹಿತ್ತಲಕ್ಕೆ ಮಾಲಕ ಪರಸಿ ಕಲ್ಲು ಹಾಸಿಸಿಬಿಟ್ಟ. ಬೈಲಹೊಂಗಲದಲ್ಲಿ ನಮ್ಮ ಮಾವಶಿ, ಅವ್ವನ ತಂಗಿ, ಹಡೆದಿದ್ದಳು. ಅವ್ವ ಬಾಣಂತನಕ್ಕೆ ಕೈಜೋಡಿಸಲು ಹೊರಟಳು. ಹೋಗುವಾಗ ನಮಗೆ ರೊಟ್ಟಿ ಎಲ್ಲಿದೆ, ಚಟ್ನಿಪುಡಿ ಎಲ್ಲಿದೆ, ಬೆಕ್ಕಿಗೆ ಹಾಲು ಎಷ್ಟು, ಎಲ್ಲಾ ಹೇಳಿದಳು. ಪೌಡರ್ ಡಬ್ಬಿಯದ್ದು ಹೇಳಲಿಲ್ಲ. ಗಂಡಸು ಅದನ್ನು ಯಾಕೆ ಮುಟ್ಟುತ್ತಾನೆ ಎಂದು ಅವಳ ಲೆಕ್ಕ.

ಒಂದು ಮುಂಜಾನೆ ಅಪ್ಪನಿಗೆ ಉಮೇದು ಬಂತು. "ರೊಟ್ಟಿ ತಿಂದು ಹಲ್ಲು ಸವದು ಹೋದ್ವು. ಇವತ್ತ ನಾ ಸೂಸಲಾ ಮಾಡತೇನಿ."

ಚುನಮರಿ, ಅಂದರೆ ಮಂಡಕ್ಕಿ, ನೀರಿನಲ್ಲಿ ನೆನೆಸಿ ಹಿಂಡಿ ಒಗ್ಗರಣೆ ಹಾಕುವ ಸೂಸಲಾ ನಮ್ಮ ಕಡೆ ಕಣ್ಣು ಮುಚ್ಚಿ ಮಾಡುವ ತಿಂಡಿ. ಅಪ್ಪ ಕಣ್ಣು ಮುಚ್ಚಿಯೇ ಮಾಡಿದ. ಎಣ್ಣೆ ಕಾಯಿತು. ಗೋಡೆಯ ಮಾಡದೊಳಗೆ ಕೈ ಹಾಕಿದ, ಡಬ್ಬಿ ತೆರೆದ, ದುಂಡಗೆ ಕಂದುಗಪ್ಪಾಗಿ ಸಣ್ಣ ಕಾಳು ಕಂಡಿತು, ಒಂದು ಚಿಟಿಕೆ ಬಿಟ್ಟ. ಸಿಡಿಯಲಿಲ್ಲ. ಇನ್ನೊಂದು ಚಿಟಿಕೆ ಬಿಟ್ಟ. ಊಹೂಂ.

"ಏನ ಲೇ ಇದು, ಸಾಸಿವಿ ಮಾತಾಡವಲ್ದು?"

"ಎಣ್ಣಿ ಕಾದಿಲ್ಲ ಬಿಡಪಾ."

"ಹೊಗಿ ಏಳಾಕ ಹತ್ತೈತಿ, ಕಾದಿಲ್ಲ ಅಂತಿ." ಇನ್ನಷ್ಟು ಸುರಿದ. ಅವನದು ಅಳತೆಯ ಕಸುಬು, ಆದರೆ ಹಟ ಹಿಡಿದರೆ ಅಳತೆ ಮರೆಯುತ್ತಾನೆ. ಡಬ್ಬಿ ಬೋರಲು ಹಾಕಿ ತಳ ಬಡಿದ. ಕಾಳು ಎಣ್ಣೆಯಲ್ಲಿ ಸುಮ್ಮನೆ ಈಜಾಡುತ್ತ ಕರ್ರಗಾದವು. ಕಡೆಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಪುಠಾಣಿ ಹಿಟ್ಟು ಬಿದ್ದು ಸೂಸಲಾ ಆಯಿತು. ನಾನು ಎರಡು ತಾಟು ತಿಂದೆ. ಏನೋ ಕರಕರ ಅಂತಿತ್ತು, ರುಚಿಗೇನೂ ಮೋಸ ಇರಲಿಲ್ಲ.

ಅವ್ವ ಬೈಲಹೊಂಗಲದಿಂದ ಬಂದು ಚೀಲ ಇಳಿಸುವ ಮೊದಲೇ ಅಪ್ಪ ತನ್ನ ಅಡುಗೆಯ ಪುರಾಣ ತೆಗೆದ. "ಸಾಸಿವಿ ಅಂಗಡಿ ಬದಲಿ ಮಾಡು. ಹಳೇ ಮಾಲು ಕೊಡಾಕ ಹತ್ಯಾನ ಅವ. ಒಂದರೆ ಕಾಳ ಸಿಡಿಬಾರದೇನು?"

ಅವ್ವ ನಿಂತಲ್ಲೇ ನಿಂತಳು. "ಯಾವ ಡಬ್ಬ್ಯಾಗಿಂದ ಹಾಕಿದ್ರಿ?"

"ಅದ, ಪೌಡರ್ ಡಬ್ಬಿ."

"ಎಷ್ಟು ಹಾಕಿದ್ರಿ?"

"ಸಿಡಿಲಿಲ್ಲಲ್ಲ, ಅದಕ್ಕ ಎಲ್ಲಾ ಹಾಕಿದೆ."

ಮುಂದೆ ನಡೆದದ್ದನ್ನು ನಾನು ಹತ್ತಾರು ಸಲ ಅಣಕಿಸಿ ತೋರಿಸಿದ್ದೇನೆ, ಬರೆಯಲು ಮಾತ್ರ ಬರುವುದಿಲ್ಲ. ಅವ್ವ ಮೊದಲು ಡಬ್ಬಿ ನೋಡಿದಳು, ಆಮೇಲೆ ಅಪ್ಪನನ್ನು, ಆಮೇಲೆ ನನ್ನ ಹೊಟ್ಟೆಯನ್ನು. ಮುಟ್ಟಿದರೆ ಸಿಡಿಯುವ ಕಾಯಿ; ಅದರ ಬೀಜ ಕಾದ ಎಣ್ಣೆಗೆ ಬಿದ್ದರೂ ಸಿಡಿಯದೆ ಅಪ್ಪನನ್ನು ಏಮಾರಿಸಿತ್ತು. ಅವ್ವ ಕುಂತು ಅತ್ತಳು. ನಡುನಡುವೆ ನಕ್ಕಳು, ನಕ್ಕದ್ದಕ್ಕೆ ತನಗೇ ಸಿಟ್ಟು ಬಂದು ಮತ್ತೆ ಅತ್ತಳು. "ಭಾಬಿಗೆ ಏನಂತ ಹೇಳಲಿ? ಅವರ ಅವ್ವನ ಮನಿ ನೀವು ಸೂಸಲಾ ಮಾಡ್ಕೊಂಡು ತಿಂದ್ರಿ!"

ಅಪ್ಪ ಅಂದು ಮಷೀನ್ ತುಳಿಯಲಿಲ್ಲ.

ಅಲ್ಲಿಂದ ನಮ್ಮ ಮನೆಯಲ್ಲಿ ಸಂತೆಯ ದಿನ ಅಂದರೆ ಹೆದರಿಕೆ. ಚಾಚಾನ ಟೆಂಪೋ ಬಾಗಿಲ ಮುಂದೆ ನಿಲ್ಲುತ್ತಿತ್ತು. "ಮಾಸ್ತರ, ಮನ್ಯಾಗ ಕೇಳಾಕ ಹತ್ಯಾರ, ಬೀಜ ಆತೇನು?" ಅಪ್ಪ ಮಷೀನಿನ ಹೊಟ್ಟೆಯೊಳಗೆ ತಲೆ ತೂರಿಸಿ, "ಒಣಗಬೇಕು ಭಾಯ್, ಇನ್ನೂ ಹಸಿ ಐತಿ" ಅನ್ನುತ್ತಿದ್ದ. ಶಿವರಾತ್ರಿ ಬಂದು ಹೋಯಿತು, ಅಪ್ಪನ ಬೀಜ ಇನ್ನೂ ಹಸಿ! ಒಂದು ಸಲ ಚಾಚಾ, "ಜಲ್ದಿ ಇಲ್ಲ, ಮಿರಗದ ಮಳಿಗೆ ಸಿಕ್ರ ಸಾಕು" ಅಂದರು. ಮಿರಗ ಅಂದರೆ ಮೃಗಶಿರಾ ಮಳೆ, ಬಿತ್ತುವ ಹೊತ್ತು ಅದೇ. ಅಷ್ಟರೊಳಗೆ ಏನಾದರೂ ಆಗಬೇಕು.

ಅಪ್ಪನಿಗೆ ಉಳಿದಿದ್ದ ಆಸೆ ಒಂದೇ. ಅವ್ವನ ಅಸ್ತರಕ್ಕೆ ಸಿಗದೆ, ಮೊದಲೇ ತಾವಾಗಿ ಸಿಡಿದು ನೆಲಕ್ಕೆ ಬಿದ್ದ ಬೀಜ ನಾಲ್ಕಾದರೂ ಇರಬೇಕು. ಅವನು ಹಿತ್ತಲಕ್ಕೆ ಕಾಯಿದೆ ಮಾಡಿದ. ಕಸಬರಿಗೆ ಆಡಿಸಬಾರದು. ಸಗಣಿ ಸಾರಿಸಬಾರದು. ಮೆಣಸಿನಕಾಯಿ ಒಣ ಹಾಕಬಾರದು. ನಾನು ಅಡ್ಡಾಡುವುದಿದ್ದರೆ ಬರಿಗಾಲಲ್ಲಿ, ತುದಿಬೆರಳ ಮೇಲೆ. ಹಿತ್ತಲದಲ್ಲಿ ಅಪ್ಪ ಮಗ ಕಳ್ಳರ ಹಾಗೆ ನಡೆಯುವುದನ್ನು ನೋಡಿ ಅವ್ವ, "ಬೀಜಕ್ಕ ನಿದ್ದಿ ಕೆಟ್ಟೀತು, ಕೆಮ್ಮಬ್ಯಾಡ್ರಿ" ಅನ್ನುತ್ತಿದ್ದಳು.

ಬೇಸಿಗೆಯಲ್ಲಿ ಒಂದು ಅಡ್ಡಮಳೆ ಬಡಿಯಿತು. ನಾಲ್ಕು ದಿನ ಬಿಟ್ಟು ನೋಡಿದರೆ ಗೋಡೆಯ ಬುಡದಲ್ಲಿ ಸಣ್ಣ ಮೊಳಕೆ! ಎರಡೆರಡು ದುಂಡು ಎಲೆ, ಗಾಜಿನಂಥ ದಂಟು. ನಾನು ಕುಣಿದೆ. ಅಪ್ಪ ಕೂಡ ಕುಣಿದ, ಕುಣಿದ ಮೇಲೆ ಮೊಳಕೆ ತುಳಿದೆನೇನೋ ಎಂದು ಗಾಬರಿಯಾದ. ಮಳೆ ಮಾಯವಾಗಿ ಮತ್ತೆ ಸುಡುಬಿಸಿಲು. ಅಪ್ಪ ತನ್ನ ಕರೀ ಛತ್ರಿ ತಂದು ಬಿಚ್ಚಿ, ಹಿಡಿಯನ್ನು ನೆಲಕ್ಕೆ ಹೂತು, ಮೊಳಕೆಗೆ ನೆರಳು ಮಾಡಿದ. ಮೂರು ಸಂಜೆ ಕೈಯಾರೆ ನೀರು ಚಿಮುಕಿಸಿದ. ನಾಲ್ಕನೆಯ ಮಧ್ಯಾಹ್ನ ಊಟ ಮಾಡಿ ಹೋಗಿ ನೋಡಿದರೆ ಛತ್ರಿಯ ಕೆಳಗೆ ಓಣಿಯ ಆಡು ಒಂದು ಆರಾಮ ಮಲಗಿದೆ. ನಾಲ್ಕೂ ಕಾಲು ಮಡಚಿಕೊಂಡು, ನೆರಳಿಗೆ ಖುಷಿಯಾಗಿ, ಮೆಲುಕು ಹಾಕುತ್ತ, ಅಪ್ಪನ ಕಡೆ ನೋಡಿತು. ಮೊಳಕೆ ಒಂದೂ ಇರಲಿಲ್ಲ.

"ಛತ್ರಿ ಯಾರ ಸಲುವಾಗಿ ಹಾಕಿದ್ಯಪಾ?" ಎಂದು ಕೇಳಿದೆ. ಆಡಿಗೆ ಬೀಳಬೇಕಾದ ಕಲ್ಲು ನನಗೆ ಬಿತ್ತು.

ಮಿರಗ ಕೂಡಿತು. ಸುರಿಯಿತು ನೋಡಿ! ಮಣ್ಣು ಕರ್ರಗಾಗಿ ಘಮ್ ಅಂತು. ನಮ್ಮ ಹಿತ್ತಲದಲ್ಲಿ ಹುಲ್ಲು ಬಂತು, ತುಂಬೆ ಬಂತು, ಯಾರೂ ಹಾಕದ ಒಂದು ಹೀರೇಬಳ್ಳಿ ಬಂತು. ನಾವು ಕಾಯುತ್ತಿದ್ದದ್ದು ಮಾತ್ರ ಬರಲಿಲ್ಲ. ಅಪ್ಪ ದಿನಾ ಮುಂಜಾನೆ ಕುಕ್ಕರುಗಾಲಲ್ಲಿ ಕುಂತು ನೆಲ ನೋಡಿ, ಏಳುವಾಗ ಮೊಣಕಾಲು ಹಿಡಿದುಕೊಳ್ಳುತ್ತಿದ್ದ. ಅವನನ್ನು ಅಣಕಿಸಲು ನನಗೂ ಮನಸ್ಸು ಬರಲಿಲ್ಲ. ನನ್ನಂಥವನಿಗೇ ಬರಲಿಲ್ಲ ಅಂದರೆ ನೀವೇ ತಿಳಿದುಕೊಳ್ಳಿ.

ಒಂದು ರವಿವಾರ ನಾನು ಗೋಡೆಯ ಮೇಲೆ ಕುಂತು ಪೇರಲಹಣ್ಣು ತಿನ್ನುತ್ತಿದ್ದೆ. ಆಚೆ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದವರು ಕಿತ್ತೂರ ಕಡೆಯ ಒಬ್ಬ ಕ್ಲಾರ್ಕ್ ಸಾಹೇಬರು. ಸ್ವಚ್ಛತೆ ಅಂದರೆ ಜೀವ. ಹಿತ್ತಲಕ್ಕೆ ಹಾಸಿದ ಪರಸಿಯ ಮೇಲೆ ಕುಂತು, ಕುಡಗೋಲಿನ ತುದಿಯಿಂದ ಕಲ್ಲಿನ ಸಂದಿಯ ಕಸ ಎಬ್ಬುತ್ತಿದ್ದರು. ಕಣ್ಣು ಅತ್ತ ಹೋಯಿತು. ಕಲ್ಲು ಕಲ್ಲಿನ ನಡುವೆ, ಗೆರೆ ಎಳೆದ ಹಾಗೆ, ಅಪ್ಪ ಸುಣ್ಣದ ಚೂರಿನಿಂದ ಬಟ್ಟೆಯ ಮೇಲೆ ಗುರುತು ಹಾಕಿದ ಹಾಗೆ, ಸಾಲು ಸಾಲು ಸಸಿ! ಎಲೆಯ ಅಂಚು ಗರಗಸ, ದಂಟು ಗಾಜು. ಚಾಚಿಯ ಗಿಡದ ಬೀಜ ಕಲ್ಲು ಹಾಸುವ ಮೊದಲೇ ಅಲ್ಲಿ ಬಿದ್ದಿತ್ತು. ಮೇಲೆ ಕಲ್ಲು ಬಂದರೂ ಸಂದಿ ಹುಡುಕಿ ತಲೆ ಎತ್ತಿತ್ತು. ಸಾಹೇಬರು ಒಂದು ಸಾಲು ಆಗಲೇ ಎಬ್ಬಿ ಗುಂಪು ಮಾಡಿದ್ದರು. ಕುಡಗೋಲು ಎರಡನೆಯ ಸಾಲಿಗೆ ಬಂತು.

"ತಡೀರಿ" ಅನ್ನಬೇಕು, ನನ್ನ ಒಡಕು ದನಿ ಹೊರಡಲೇ ಇಲ್ಲ. ಹೊರಟದ್ದು ಬೇರೆಯವರದು. ಸಾಹೇಬರ ಹೆಂಡತಿ, ಅಮ್ಮಾರು, ಮೂಗಿನಿಂದ ಮಾತಾಡುತ್ತಿದ್ದರು, ಒಂದೊಂದು ಮಾತಿಗೂ ರಾಗ. ಗೋಡೆಯ ಹಿಂದಕ್ಕೆ ಇಳಿದು, ಬಾಯಿಗೆ ಕೈ ಅಡ್ಡ ಹಿಡಿದು, ಆ ರಾಗ ತೆಗೆದೆ:

"ಏಽನ್ರೀಽ, ಹಾಲು ಉಕ್ಕಾಕ ಹತ್ತೈತಿ, ಒಳಗ ಬರ್ರೀಽ!"

ಸಾಹೇಬರು ಕುಡಗೋಲು ಬಿಸಾಕಿ ಓಡಿದರು. ನಾನು ಗೋಡೆ ಜಿಗಿದೆ, ಗೌರಿ ಹೂವಿನ ಬೀಜ ಜಿಗಿದ ಹಾಗೆಯೇ. ಎರಡೂ ಕೈಯಿಂದ ಸಂದಿಯ ಮಣ್ಣು ಸಮೇತ ಸಸಿ ಎತ್ತಿ ಅಂಗಿಯ ಉಡಿಯಲ್ಲಿ ಹಾಕಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಬೀದಿಯ ಕಡೆಯ ಸಂದಿಯಿಂದ, ನಳದ ನೀರಿನ ಕೊಡ ಸೊಂಟಕ್ಕೆ ಇಟ್ಟುಕೊಂಡು ಅಮ್ಮಾರು ಬಂದರು. ಅಡುಗೆಮನೆಯಿಂದ ಸಾಹೇಬರು ಬಂದರು.

"ಒಲಿ ಮ್ಯಾಲೆ ಹಾಲೇ ಇಲ್ಲಲ್ಲ, ಯಾಕ ಕರದಿ?"

"ನಾ ಎಲ್ಲಿ ಕರದೇನ್ರಿ? ನಳಕ್ಕ ಹೋಗಿದ್ದೆ."

"ಈಗಷ್ಟ ಕರದಿ!"

ಇಬ್ಬರೂ ತಿರುಗಿ ನನ್ನನ್ನು ನೋಡಿದರು. ಮೊಣಕೈತನಕ ಕೆಸರು, ಉಡಿಯಲ್ಲಿ ಕೆಸರು, ಗಲ್ಲದ ಮೇಲೆ ಪೇರಲದ ಬೀಜ. ನಡೆದದ್ದೆಲ್ಲ ಹೇಳಿದೆ, ಸೂಸಲಾ, ಆಡು, ಛತ್ರಿ, ಕಟಕೋಳ, ಒಂದೇ ಉಸಿರಿಗೆ. ಅಮ್ಮಾರು ಕೊಡ ಇಳಿಸಿದರು.

"ಅದಿರಲಿ, ನನ್ನ ದನಿ ಹೆಂಗ ತಗದಿ? ಇನ್ನೊಮ್ಮೆ ತಗಿ ನೋಡೋಣು."

ತೆಗೆದೆ. ಸಾಹೇಬರಿಗೆ ನಗು ತಡೆಯಲಾಗಲಿಲ್ಲ. "ಬರೋಬ್ಬರಿ! ಅಗದೀ ಬರೋಬ್ಬರಿ!" ಎಂದು ಕಲ್ಲಿನ ಮೇಲೆ ಕುಂತುಬಿಟ್ಟರು. ಅಮ್ಮಾರು ಗಂಡನ ಕಡೆ ಕಣ್ಣು ಕೆಕ್ಕರಿಸಿ, "ಇವರದೂ ಬರ್ತೈತೇನು ನಿನಗ?" ಅಂದರು. ಬರುತ್ತಿತ್ತು. ಸಾಹೇಬರು ಫೋನಿನಲ್ಲಿ ದೊಡ್ಡ ಸಾಹೇಬರ ಕೂಡ ಮಾತಾಡುವ ದನಿ ತೆಗೆದು ತೋರಿಸಿದೆ. ಆಮೇಲೆ ನಗು ಅಮ್ಮಾರದಾಯಿತು. ಉಳಿದ ಸಸಿಗಳನ್ನು ಅವರೇ ಒಂದೊಂದಾಗಿ ಎಬ್ಬಿಸಿ ಕೊಟ್ಟರು, ಕೂಸಿಗೆ ಎರೆಯುವವರ ಹಾಗೆ ಹುಷಾರಾಗಿ.

ಎಣ್ಣೆಯ ಹಳೇ ತಗಡಿನ ಡಬ್ಬಿಯನ್ನು ಅಡ್ಡ ಕೊಯ್ದು, ಮಣ್ಣು ತುಂಬಿ, ಸಸಿ ನೆಟ್ಟು, ಮರುದಿನವೇ ಅಪ್ಪ ನಾನು ಯರಗಟ್ಟಿ ಬಸ್ಸು ಹತ್ತಿದೆವು. ಅಪ್ಪ ಅಂಗಡಿಯಿಂದ ಎದ್ದವನು ಹಾಗೇ ಬಂದಿದ್ದ, ಕೊರಳಲ್ಲಿ ಅಳತೆಯ ಪಟ್ಟಿ ಜೋತಾಡುತ್ತಿತ್ತು. ಡಬ್ಬಿ ಅವನ ತೊಡೆಯ ಮೇಲೆ. ಬಸ್ಸು ಕುಲುಕಿದಾಗಲೆಲ್ಲ ಎರಡೂ ಕೈಯಿಂದ ತಬ್ಬಿಕೊಳ್ಳುತ್ತಿದ್ದ. ಕಂಡಕ್ಟರ್ ಬಂದು ನೋಡಿದ.

"ಏನ್ರಿ ಇದು?"

"ಹೂವಿನ ಸಸಿ."

"ತೊಡಿ ಮ್ಯಾಲೆ ಕುಂತಾವಂದ್ರ ಸಣ್ಣ ಕೂಸು ಆದ್ವು. ಹೋಗ್ಲಿ ಬಿಡ್ರಿ, ಟಿಕೀಟ ಬ್ಯಾಡ. ಅಳಬಾರದು ಅಂತ ಹೇಳ್ರಿ ಮತ್ತ."

ನಾನು ಅದೇ ಕಂಡಕ್ಟರನ ದನಿಯಲ್ಲಿ "ರೈಟ್, ರೈಟ್" ಅಂದೆ. ಡ್ರೈವರ್ ನಿಜ ಅಂದುಕೊಂಡು ಗಾಡಿ ಬಿಟ್ಟ. ಹತ್ತುತ್ತಿದ್ದ ಮುದುಕಪ್ಪನೊಬ್ಬ ಬಾಗಿಲಲ್ಲಿ ನೇತಾಡಿದ. ಆಮೇಲೆ ಯರಗಟ್ಟಿ ಬರುವತನಕ ಅಪ್ಪನ ಒಂದು ಕೈ ಡಬ್ಬಿಯ ಮೇಲೆ, ಇನ್ನೊಂದು ಕೈ ನನ್ನ ಬಾಯಿಯ ಮೇಲೆ.

ಚಾಚಿ ಬಾಗಿಲಲ್ಲೇ ಇದ್ದರು. ನಮ್ಮನ್ನು ಕಂಡು "ಅರೇ ಬೇಟಾ" ಗಾಳಿಪಟ ಏರಿತು, ಡಬ್ಬಿ ಕಂಡು ಅರ್ಧದಲ್ಲೇ ನಿಂತಿತು. ಅಪ್ಪ ಒಳಗೂ ಹೋಗಲಿಲ್ಲ, ಕುಂಡ್ರಲೂ ಇಲ್ಲ.

"ಭಾಬಿ, ನಿಮ್ಮ ಬೀಜ ನಾ ತಿಂದುಬಿಟ್ಟೆ."

ಚಾಚಿ ನನ್ನನ್ನು ನೋಡಿದರು. ನಾನು ತಲೆ ಆಡಿಸಿದೆ. ಅಪ್ಪ ಸೂಸಲಾದ ಕಥೆ ಹೇಳಿದ, ಒಂದು ಚಿಟಿಕೆಯನ್ನೂ ಬಿಡದೆ.

"ಎಲ್ಲಾ ತಿಂದ್ರಿ, ಭಾಯ್?"

"ಎಲ್ಲಾ. ಇವನೂ ತಿಂದಾನ."

"ರುಚಿ ಹೆಂಗಿತ್ತು?"

ಅಪ್ಪ ಒಂದು ಗಳಿಗೆ ಯೋಚನೆ ಮಾಡಿದ. "ಉಪ್ಪು ಸ್ವಲ್ಪ ಕಡಿಮಿ ಆಗಿತ್ತರಿ."

ಚಾಚಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಒಳಗಿಂದ ಚಾಚಾ ನಗುವುದು ಕೇಳಿಸಿತು. ಆದರೆ ಚಾಚಿ ಡಬ್ಬಿಯ ಮುಂದೆ ಕುಂತು ಒಂದೊಂದೇ ದಂಟು ತಿರುವಿ ನೋಡುವಾಗ ಮುಖ ಬದಲಾಯಿತು. ಕೆಲವು ದಂಟು ಕೆಂಪು, ಕೆಲವು ಹಸಿರು. "ಹಿತ್ತಲದಾಗ ಬರೇ ಗುಲಾಬಿ ಬಣ್ಣದ್ದೂ ಇದ್ವಲ್ಲ. ಇದರಾಗ ಅಮ್ಮಂದು ಐತೋ ಇಲ್ಲೋ, ಹೂ ಬಿಡೋತನಕ ಗೊತ್ತಾಗಂಗಿಲ್ಲ" ಅಂದರು. ಕೈತೊಳೆಯುವ ಜಾಗದ ಪಕ್ಕ, ಗೋಡೆಯ ನೆರಳಲ್ಲಿ, ಅಪ್ಪನೇ ಕುಣಿ ತೋಡಿ ನೆಟ್ಟ. ಸಾಲು ಸೊಟ್ಟ ಆಗಬಾರದೆಂದು ಕೊರಳ ಪಟ್ಟಿ ತೆಗೆದು ಅಳೆದ.

ಶ್ರಾವಣ ಬಂತು. ಸಂತೆಯ ದಿನ ಅಂದರೆ ಈಗ ಬೇರೆ ತರದ ಎದೆಬಡಿತ. ಟೆಂಪೋದ ಸಪ್ಪಳ ಕೇಳಿದರೆ ಅಪ್ಪ ಮಷೀನ್ ಬಿಟ್ಟು ಓಣಿಗೆ ಬರುತ್ತಿದ್ದ.

"ಬಿಡ್ತೇನು, ಭಾಯ್?"

"ಬಿಟ್ಟೈತಿ. ಗುಲಾಬಿ."

ಮುಂದಿನ ಸಂತೆಗೂ ಗುಲಾಬಿ. ಅದರ ಮುಂದಿನದಕ್ಕೂ ಗುಲಾಬಿ. ಅಪ್ಪ ಊಟ ಕಡಿಮೆ ಮಾಡಿದ. ಸೂಸಲಾ ಅಂತೂ ಮನೆಯಲ್ಲಿ ಹೆಸರೆತ್ತುವ ಹಾಗಿರಲಿಲ್ಲ. ಅವ್ವ ಗೌರಿಯನ್ನು ಕೂರಿಸಿ, ಸಂತೆಯ ಚೆಂಡುಹೂ ಏರಿಸಿ, "ಈ ವರ್ಷ ಇಷ್ಟ ತಗೋ ತಾಯಿ, ನಮ್ಮ ಮನಿಯವರು ಹಿಂಗ ಮಾಡ್ಯಾರ" ಎಂದು ಚಾಡಿ ಹೇಳಿದಳು.

ಹಬ್ಬ ಮುಗಿದ ಮೇಲಿನ ಸಂತೆ. ಓಣಿಯ ತುದಿಯಿಂದಲೇ ಹಾರ್ನ್ ಶುರುವಾಯಿತು. ಪೋಂಽ ಪೋಂಽ ಪೋಂಽ, ಮದುವೆಯ ದಿಬ್ಬಣದ ಹಾಗೆ, ಬಿಡುವೇ ಇಲ್ಲ. ಕೋಳಿ ಹಾರಿದವು, ನಾಯಿ ಓಡಿದವು, ಸಾಹೇಬರು ಕುಡಗೋಲು ಹಿಡಿದೇ ಹೊರಬಂದರು. ಟೆಂಪೋದ ಗಾಜಿನ ಹಿಂದೆ, ಸ್ಟೀಲಿನ ಗ್ಲಾಸಿನಲ್ಲಿ ಒಂದು ಟೊಂಗೆ. ಬಿಳೀ ಎಸಳು, ಅದರ ತುಂಬ ಕೆಂಪು ಚಿಕ್ಕಿ!

ಅಪ್ಪ ಬಾಯಲ್ಲಿದ್ದ ಸೂಜಿ ಕೂಡ ತೆಗೆಯದೆ ನಕ್ಕ. ಅವ್ವ ಓಡಿಬಂದು ಗ್ಲಾಸು ಎತ್ತಿ ಕಣ್ಣಿಗೆ ಒತ್ತಿಕೊಂಡಳು. ನಾನು ಹಾರ್ನನ್ನೇ ಬಾಯಲ್ಲಿ ಬಾರಿಸುತ್ತ ಓಣಿಯ ಈ ತುದಿಯಿಂದ ಆ ತುದಿಗೆ ಓಡಿದೆ. ಚಾಚಾ ಸೀಟಿನಲ್ಲೇ ಕುಂತು, "ಒಂದ ಗಿಡ, ಮಾಸ್ತರ. ಅಷ್ಟರಾಗ ಒಂದ ಗಿಡ. ಮುಂಜಾನೆಯಿಂದ ಅದರ ಮುಂದ ಕುಂತಾಳ, ಚಾ ಸೈತ ಮಾಡಿಲ್ಲ" ಅಂದರು.

ಆ ವರ್ಷ ದಸರೆಗೆ ಮುಂಚೆ ಚಾಚಿ ನಮ್ಮನ್ನೆಲ್ಲ ಕರೆಸಿದರು. ಹೋಗುವ ಹೊತ್ತಿಗೆ ಗಿಡಕ್ಕೆ ಮುಪ್ಪು. ಹೂ ಒಂದೋ ಎರಡೋ, ಎಲೆ ಹಳದಿ, ದಂಟು ಗೋಡೆಗೆ ಒರಗಿದೆ. ಕಾಯಿ ಮಾತ್ರ ಮೈತುಂಬ. ಅವ್ವ ಅಸ್ತರದ ಬಟ್ಟೆಯನ್ನೂ, ಮೇಲೆ ದೊಡ್ಡದಾಗಿ ಹೂವಿನ ಚಿತ್ರ ಅಂಟಿಸಿದ ಹೊಸ ಡಬ್ಬಿಯನ್ನೂ ತಂದಿದ್ದಳು. ಚಾಚಿ ಎರಡನ್ನೂ ಇಸಿದುಕೊಂಡು ಅಟ್ಟದ ಮೇಲೆ ಎಸೆದರು.

"ಡಬ್ಬಿ ಬ್ಯಾಡ್ರಿ ವೈನಿ. ಡಬ್ಬ್ಯಾಗ ಇಟ್ರ ಭಾಯ್‌ಗೆ ಹಸಿವಿ ಆಕ್ಕೈತಿ. ಇವು ಎಲ್ಲಿ ಬೀಳ್ತಾವು ಅಲ್ಲೇ ಇರಲಿ. ನೆಲಾ ಮರೆಯಂಗಿಲ್ಲ."

"ಹಂಗಾದ್ರ ನಮ್ಮನ್ನ ಯಾಕ ಕರಸೀರಿ?"

"ಸಿಡಿಸಾಕ!"

ನಮ್ಮೆಲ್ಲರ ಮೈಮೇಲೆ ಏನು ಬಂತೋ. ಚಾಚಾ, ಅವ್ವ, ನಾನು, ಚಾಚಾನ ತಮ್ಮನ ಮಕ್ಕಳು, ಎಲ್ಲರೂ ಕಾಯಿಗೆ ಮುಗಿಬಿದ್ದೆವು. ಚಟ್, ಚಟ್, ಚಟ್! ಬೀಜ ಗೋಡೆಗೆ ಬಡಿದವು, ಕೋಳಿಯ ಬೆನ್ನಿಗೆ ಬಡಿದವು, ಚಾಚಾನ ಗಡ್ಡದಲ್ಲಿ ಸಿಕ್ಕವು. ಅವ್ವ ಹುಡುಗಿಯ ಹಾಗೆ ಕಿರುಚಿದಳು. ಆ ಕಿರುಚು ನನ್ನ ಸಂಗ್ರಹದಲ್ಲಿ ಇನ್ನೂ ಇದೆ, ಬೇಕಾದರೆ ತೆಗೆದು ತೋರಿಸುತ್ತೇನೆ. ಅಪ್ಪ ಒಬ್ಬನೇ ದೂರ ನಿಂತಿದ್ದ, ಕೈ ಹಿಂದಕ್ಕೆ ಕಟ್ಟಿಕೊಂಡು. ಮುಟ್ಟಲು ಧೈರ್ಯ ಇರಲಿಲ್ಲ.

ಚಿಕ್ಕಿಯ ಗಿಡದ ಕೆಳಗಿನ ಟೊಂಗೆಯಲ್ಲಿ ಎಲ್ಲಕ್ಕಿಂತ ದಪ್ಪ ಕಾಯಿ ಒಂದಿತ್ತು. ಅದನ್ನು ಯಾರಿಗೂ ಮುಟ್ಟಲು ಬಿಡದೆ ಇಟ್ಟಿದ್ದ ಚಾಚಿ, "ಬರ್ರಿ ಭಾಯ್, ಇದು ನಿಮ್ದು" ಅಂದರು. ಅಪ್ಪ ಬಂದು ಕುಕ್ಕರುಗಾಲಲ್ಲಿ ಕುಂತು, ಒಂದು ಬೆರಳು ಮುಂದೆ ಮಾಡಿದ. ಚಟ್! ಬೆಚ್ಚಿ ಹಿಂದಕ್ಕೆ ಕುಸಿದು ಕೆಸರಿನಲ್ಲಿ ಕುಂತುಬಿಟ್ಟ. "ಸಿಡಿತು! ಸಿಡಿತು ನೋಡ್ರಿ!" ಎಂದು ಕೂಗಿದ. ಚಾಚಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು.

ಊರಿಗೆ ಬಂದು ಅವ್ವ ಅಪ್ಪನ ಕೆಸರಿನ ಪ್ಯಾಂಟು ಒಗೆಯಲು ತೆಗೆದುಕೊಂಡಳು. ಬಚ್ಚಲತನಕ ಹೋದವಳು ಅಲ್ಲೇ ನಿಂತು, ಕಾಲಿನ ಮಡಚಿದ ಪಟ್ಟಿಯಲ್ಲಿ ಬೆರಳಾಡಿಸಿದಳು. ಇಷ್ಟು ವರ್ಷ ನಾನು ನಕ್ಕ ಆ ಪಟ್ಟಿ! ಅವ್ವ ನನ್ನನ್ನು ಕರೆದು ತೋರಿಸಿದಳು. ದುಂಡಗೆ, ಕಂದುಗಪ್ಪಾಗಿ, ಸಣ್ಣ ಕಾಳು.

"ಏನ ಲೇ ಇದು, ಸಾಸಿವಿನೋ?" ಅಂದಳು, ಅಪ್ಪನ ದನಿಯಲ್ಲಿ. ಅವ್ವನಿಗೂ ದನಿ ತೆಗೆಯಲು ಬರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ.

ಆಮೇಲೆ ಪ್ಯಾಂಟನ್ನು ಬಚ್ಚಲಕ್ಕೆ ಒಯ್ಯಲಿಲ್ಲ. ಹಿತ್ತಲಕ್ಕೆ ಒಯ್ದು, ಗೋಡೆಯ ಬುಡದಲ್ಲಿ ನಿಂತು, ಎರಡೂ ಕಾಲಿನ ಪಟ್ಟಿ ಬಿಚ್ಚಿ ಜೋರಾಗಿ ಝಾಡಿಸಿದಳು.